ಯಲ್ದಾ

ಯುರೋಪಿನ ಹಳೆಯ ಕ್ರಿಸ್‌ಮಸ್ ಹಾಡುಗಳನ್ನೂ ಪರ್ಷಿಯನ್ ಸಂಗೀತವನ್ನೂ ಒಂದೇ ಚಳಿಗಾಲದ ಕಛೇರಿಯಲ್ಲಿ ಹಾಡುವ ಗಾಯನವೃಂದಕ್ಕೆ ‘ಯಲ್ದಾ’ಗಿಂತ ಒಪ್ಪುವ ಹೆಸರು ಸಿಗಲಾರದು.

ಪದ ಮೂಲತಃ ಪರ್ಷಿಯನ್ ಅಲ್ಲ, ಸಿರಿಯಾಕ್. ಅರ್ಥ: ಹುಟ್ಟು. ಸಿರಿಯಾಕ್ ಕ್ರೈಸ್ತರು ಕ್ರಿಸ್ತಜಯಂತಿಗೆ ಬಳಸಿದ ಈ ಮಾತು ಇರಾನಿನಲ್ಲಿ ವರ್ಷದ ಅತಿ ದೀರ್ಘ ರಾತ್ರಿಯ ಹೆಸರಾಯಿತು. ಡಿಸೆಂಬರ್ 20 ಅಥವಾ 21ರ ರಾತ್ರಿ ಬಂಧುಬಳಗವೆಲ್ಲ ಹಿರಿಯರ ಮನೆಯಲ್ಲಿ ಸೇರುತ್ತದೆ. ದಾಳಿಂಬೆ ಬಿಡಿಸುತ್ತ, ಆ ಕೊರೆಯುವ ಚಳಿಯಲ್ಲೂ (ಹೌದು!) ಕಲ್ಲಂಗಡಿ ತಿನ್ನುತ್ತ, ಪರ್ಷಿಯನ್ ಕವಿ ಹಾಫಿಜ್‌ನ ಕವಿತೆ ಓದುತ್ತ ಎಚ್ಚರವಿರುತ್ತಾರೆ.

ಕ್ರಿಸ್‌ಮಸ್‌ಗೆ ಫ್ರೆಂಚರು ಹೇಳುವ ‘ನೊಯೆಲ್’ ಕೂಡ ಹುಟ್ಟಿಗೆ ಸಂಬಂಧಿಸಿದ ಲ್ಯಾಟಿನ್ ಪದದಿಂದಲೇ ಬಂದದ್ದು. ನಮಗೆಲ್ಲ ಗೊತ್ತಿರುವ ಈದ್ ಮಿಲಾದ್‌ನ ‘ಮಿಲಾದ್’ ಅಂತೂ ಯಲ್ದಾದ ಹತ್ತಿರದ ದಾಯಾದಿ. ಸಿರಿಯಾಕ್, ಅರಬ್ಬಿ ಎರಡೂ ಸೆಮಿಟಿಕ್ ಭಾಷೆಗಳು.

ಇರಾನ್, ಅಫ್ಘಾನಿಸ್ತಾನಗಳ ಯಲ್ದಾ ಆಚರಣೆಯನ್ನು ಯುನೆಸ್ಕೊ 2022ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು.