ಹಾಲೆಂಡಿನ ಕಂದುಕವಿಜಯಿನಿ

ಚೆಂಡಾಟವು ಸ್ತ್ರೀಯರಿಗೆ ಹೊಸದೇನೂ ಅಲ್ಲ. ದಂಡಿಯ ದಶಕುಮಾರಚರಿತೆಯಲ್ಲಿ ಕಂದುಕಾವತಿಯೆಂಬ ರಾಜಪುತ್ರಿಯು ಗುಣವಂತನಾದ ಪತಿಯು ದೊರೆಯಲೆಂದು ವಿಂಧ್ಯವಾಸಿನೀದೇವಿಯ ಪ್ರೀತ್ಯರ್ಥವಾಗಿ ತಿಂಗಳಿಗೊಮ್ಮೆ ಪುರಜನರೆದುರಿನಲ್ಲಿ ಚೆಂಡಾಡುತ್ತಿದ್ದ ವೃತ್ತಾಂತವು ಸಂಸ್ಕೃತಜ್ಞರಿಗೆ ಸುಪರಿಚಿತವಾದುದು. ಆದರೆ ಆ ಆಟದಲ್ಲಿ ಎದುರಾಳಿಯಿಲ್ಲ, ಜಯಾಪಜಯಗಳಿಲ್ಲ, ಫಲವೂ ಆಟದಿಂದ ಹೊರಗಿನದು. ಸಮಬಲರಾದ ಇಬ್ಬರು ಸ್ತ್ರೀಯರು ಎದುರುಬದುರಾಗಿ ನಿಂತು ಸೆಣಸಿ, ಗೆದ್ದವಳು ಆ ಗೆಲುವನ್ನು ತನ್ನ ಹೆಸರಿನಲ್ಲಿಯೇ ಪಡೆಯುವ ಕಂದುಕಕ್ರೀಡೆಯು ಅರ್ವಾಚೀನವಾದುದು. ಲಾನ್ ಟೆನ್ನಿಸ್ ಎಂಬುದು ಅಂತಹ ಕ್ರೀಡೆಗಳಲ್ಲಿ ಪ್ರಮುಖವಾದುದು. ಅದರಲ್ಲಿ ಡಚ್ಚರ ಸಣ್ಣ ನಾಡಿಗೆ ದೊಡ್ಡ ಕೀರ್ತಿಯನ್ನು ತಂದವಳು ಕೇಯಾ ಬೌಮನ್.

ಈ ಆಟವು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದದ್ದು. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಎಂಬಾತನು ಇದರ ಸಲಕರಣೆಗಳಿಗೆ ಪೇಟೆಂಟನ್ನು ಪಡೆದನು. 1877ರಲ್ಲಿ ವಿಂಬಲ್ಡನ್ನಿನಲ್ಲಿ ಪುರುಷರ ಪಂದ್ಯವೂ, 1884ರಲ್ಲಿ ಅಲ್ಲಿಯೇ ಸ್ತ್ರೀಯರ ಪಂದ್ಯವೂ ಆರಂಭವಾದವು. ಸಮುದ್ರವನ್ನು ದಾಟಿ ಹಾಲೆಂಡಿಗೆ ಬಂದ ಆಟವು ಅಲ್ಲಿ ಬೇರೂರಿ, 1899ರಲ್ಲಿ ಡಚ್ ಟೆನ್ನಿಸ್ ಸಂಘವು ಸ್ಥಾಪಿತವಾಯಿತು.

ಅದಕ್ಕೆ ನಾಲ್ಕು ವರ್ಷಗಳ ತರುವಾಯ, 1903ನೆಯ ನವೆಂಬರ್ 23ರಂದು, ಹಾಲೆಂಡಿನ ಪೂರ್ವಭಾಗದ ಓವರೈಸೆಲ್ ಪ್ರಾಂತದ ಅಲ್ಮೆಲೊ ಎಂಬ ಪಟ್ಟಣದಲ್ಲಿ ಕೊರ್ನೆಲಿಯಾ ಬೌಮನ್ ಜನಿಸಿದಳು. ಕೇಯಾ ಎಂಬುದು ಆಕೆಯ ಮುದ್ದಿನ ಹೆಸರು. ಲೋಕದಲ್ಲಿ ನಿಂತದ್ದೂ ಅದೇ. ಅಲ್ಮೆಲೊ ನೇಯ್ಗೆಯ ಗಿರಣಿಗಳಿಗೆ ಹೆಸರಾದ ಊರು. ಹಾಲೆಂಡಿನ ಸ್ತ್ರೀಯರಿಗೆ ಮತದಾನದ ಹಕ್ಕು ಶಾಸನಬದ್ಧವಾದದ್ದು 1919ರಲ್ಲಿ, ಎಂದರೆ ಈಕೆಯ ಬಾಲ್ಯವು ಮುಗಿಯುತ್ತಿದ್ದ ಕಾಲದಲ್ಲಿ. ವಿವಾಹಿತೆಯರು ಸ್ವತಂತ್ರವಾಗಿ ವ್ಯವಹರಿಸಲು ಕಾನೂನು ಒಪ್ಪಿದುದಾದರೋ 1956ರಲ್ಲಿ. ಇಂತಹ ಸಮಾಜದಲ್ಲಿ ಹುಡುಗಿಯೊಬ್ಬಳು ಬ್ಯಾಟನ್ನು ಹಿಡಿದು ದೇಶದೇಶಗಳಲ್ಲಿ ಆಡಿಬಂದುದು ಸಾಮಾನ್ಯವಾದ ಮಾತಲ್ಲ. 1923ರಿಂದ 1926ರವರೆಗೆ ನಾಲ್ಕು ವರ್ಷಗಳೂ ಅವಿಚ್ಛಿನ್ನವಾಗಿ ಹಾಲೆಂಡಿನ ರಾಷ್ಟ್ರೀಯ ಪಂದ್ಯವು ಆಕೆಯದೇ ಆಯಿತು.

1924ರಲ್ಲಿ ಪ್ಯಾರಿಸ್ ನಗರದಲ್ಲಿ ಒಲಿಂಪಿಕ್ ಮಹೋತ್ಸವವು ನಡೆಯಿತು. ಇಪ್ಪತ್ತು ವರ್ಷದ ಕೇಯಾ, ತನ್ನ ದೇಶೀಯನಾದ ಹೆಂಡ್ರಿಕ್ ಟಿಮ್ಮರನೊಡನೆ ಸ್ತ್ರೀಪುರುಷರ ಜೋಡಿಯಾಟದಲ್ಲಿ ಭಾಗವಹಿಸಿ ಕಂಚಿನ ಪದಕವನ್ನು ಪಡೆದಳು. ಒಲಿಂಪಿಕ್ ಪದಕವನ್ನು ಪಡೆದ ಡಚ್ ಸ್ತ್ರೀಯರಲ್ಲಿ ಈಕೆಯೇ ಮೊದಲಿಗಳು. ಆ ವರ್ಷದ ತರುವಾಯ ಟೆನ್ನಿಸ್ ಒಲಿಂಪಿಕ್ಕಿನಿಂದ ಹೊರಬಿದ್ದು, ಪದಕದ ಆಟವಾಗಿ ಮರಳಿದುದು 1988ರಲ್ಲಿ. ಒಂದು ಬಾಗಿಲು ಮುಚ್ಚುವುದಕ್ಕೆ ಕ್ಷಣಮಾತ್ರ ಮೊದಲು ಆಕೆಯು ಒಳಹೊಕ್ಕು ಬಂದಂತಾಯಿತು.

ಇನ್ನು ಆಕೆಯ ಜೀವಿತದ ಮುಖ್ಯ ಘಟನೆ. ಫ್ರಾನ್ಸಿನ ರಾಷ್ಟ್ರೀಯ ಪಂದ್ಯವು ಮೊದಲು ಆ ದೇಶದ ಕ್ಲಬ್ಬುಗಳ ಸದಸ್ಯರಿಗೆ ಮಾತ್ರ ಮೀಸಲಾಗಿದ್ದಿತು. 1925ರಲ್ಲಿ ಅದನ್ನು ಹೊರನಾಡಿನವರಿಗೂ ತೆರೆದರು. ಆ ವರ್ಷವೂ ಮರುವರ್ಷವೂ ಗೆದ್ದವಳು ಫ್ರಾನ್ಸಿನ ಸುಜಾನ್ ಲಾಂಗ್ಲೆನ್. ಆಕೆಯ ಎದುರಿನಲ್ಲಿ ನಿಲ್ಲಬಲ್ಲವರು ಆಗ ವಿರಳ. ಆದರೆ 1926ರಲ್ಲಿ ಲಾಂಗ್ಲೆನ್ ಹಣಕ್ಕಾಗಿ ಆಡುವ ವೃತ್ತಿಗಾರ್ತಿಯಾದಳು. ಹಣವನ್ನು ಮುಟ್ಟಿದವರಿಗೆ ಈ ಪಂದ್ಯಗಳಲ್ಲಿ ಪ್ರವೇಶವಿಲ್ಲವೆಂಬ ಕಟ್ಟಳೆಯು 1968ರವರೆಗೂ ಇದ್ದಿತು. ಹೀಗೆ ಬರಿದಾದ ಪೀಠಕ್ಕೆ 1927ರಲ್ಲಿ, ಪ್ಯಾರಿಸ್ಸಿನ ಪಕ್ಕದ ಸೇಂಟ್ ಕ್ಲೌಡಿನ ಕೆಮ್ಮಣ್ಣಿನ ಅಂಗಣದಲ್ಲಿ ಸ್ಪರ್ಧೆಯು ನಡೆಯಿತು. ಕಟ್ಟಕಡೆಯ ಆಟದಲ್ಲಿ ಕೇಯಾ ಬೌಮನ್ ದಕ್ಷಿಣ ಆಫ್ರಿಕದ ಐರೀನ್ ಪೀಕಾಕಳನ್ನು 6-2, 6-4 ಎಂದು ಎರಡೇ ಸೆಟ್ಟುಗಳಲ್ಲಿ ಸೋಲಿಸಿದಳು. ಆಗ ಆಕೆಗೆ ವಯಸ್ಸು ಇಪ್ಪತ್ತಮೂರು.

ಮರುವರ್ಷ ಪಂದ್ಯವು ಹೊಸದಾಗಿ ಕಟ್ಟಿದ ರೋಲಾಂ ಗಾರೋಸ್ ಕ್ರೀಡಾಂಗಣಕ್ಕೆ ಸಾಗಿತು. ಆ ವರ್ಷವೂ ಮುಂದಿನ ಎರಡು ವರ್ಷಗಳೂ ಗೆದ್ದವಳು ಅಮೆರಿಕದ ಹೆಲೆನ್ ವಿಲ್ಸ್. ಆದುದರಿಂದ ಹಳೆಯ ಅಂಗಣದ ಕೊನೆಯ ವಿಜೇತೆಯೆಂಬ ಹೆಸರೂ ಕೇಯಾಳಿಗೇ ಉಳಿಯಿತು.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಲಾಂಗ್ಲೆನ್ ಹೋಗಿದ್ದಳು, ವಿಲ್ಸ್ ಬಂದಿರಲಿಲ್ಲ. ಇಬ್ಬರು ಮಹಾಶೂರೆಯರ ನಡುವಣ ತೆರಪಿನಲ್ಲಿ ದೊರೆತ ಜಯವು ಕಾಕತಾಳೀಯವಲ್ಲವೆ ಎಂಬುದೇ ಅದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವಿಲ್ಲದಿದ್ದಾಗ ಆ ನ್ಯಾಯವು ಸಲ್ಲುತ್ತದೆ. ಇಲ್ಲಿ ಹಾಗಿಲ್ಲ. ನಾಲ್ಕು ವರ್ಷ ಸ್ವದೇಶದಲ್ಲಿ ಸೋಲರಿಯದವಳು, ಒಲಿಂಪಿಕ್ ಪದಕವನ್ನು ಗಳಿಸಿದವಳು, 1926ರಲ್ಲಿ ವಿಂಬಲ್ಡನ್ನಿನಲ್ಲಿಯೂ 1927ರಲ್ಲಿ ಅಮೆರಿಕದಲ್ಲಿಯೂ ಕೊನೆಯ ಎಂಟು ಮಂದಿಯಲ್ಲಿ ಒಬ್ಬಳಾಗಿದ್ದವಳು ಈಕೆ. ಆ ಕಾಲದ ಪರೀಕ್ಷಕರು ಜಗತ್ತಿನ ಮೊದಲ ಹತ್ತು ಆಟಗಾರ್ತಿಯರಲ್ಲಿ ಈಕೆಯನ್ನು ಎಣಿಸಿದರು. 1929ರಲ್ಲಿ ಸ್ಪೇನಿನ ಲೀಲಿ ದ ಆಲ್ವಾರೆಸಳೊಡನೆ ಫ್ರಾನ್ಸಿನ ಜೋಡಿಯಾಟದ ಪಂದ್ಯವನ್ನೂ ಗೆದ್ದಳು. ಲಾಂಗ್ಲೆನ್, ವಿಲ್ಸರ ಸಾಲಿನಲ್ಲಿ ಆಕೆಯನ್ನು ಕೂಡಿಸುವುದು ಅತಿಶಯೋಕ್ತಿಯಾದೀತು. ಒಂಟಿಯಾಟದಲ್ಲಿ ಅಂತಹ ಜಯವು ಆಕೆಗೆ ಮತ್ತೊಮ್ಮೆ ದೊರೆಯಲಿಲ್ಲ. ಆದರೆ ಎದುರಿಗೆ ಬಂದವರನ್ನು ಗೆಲ್ಲುವುದಷ್ಟೆ ಆಟಗಾರ್ತಿಯ ಧರ್ಮ. ಬಾರದವರನ್ನು ಗೆಲ್ಲಲಿಲ್ಲವೆಂಬುದು ದೋಷವಾಗಲಾರದು. ಅವಕಾಶವು ಅನೇಕರ ಮುಂದೆ ತೆರೆದಿದ್ದಿತು, ಸಿದ್ಧಳಾಗಿದ್ದವಳು ಈಕೆ.

ಕಾಲವೇ ಈ ವಾದಕ್ಕೆ ಸಾಕ್ಷಿ. 1977ರಲ್ಲಿ, ಸರಿಯಾಗಿ ಐವತ್ತು ವರ್ಷಗಳ ತರುವಾಯ, ಬೆಟ್ಟಿ ಸ್ಟೋವೆ ಎಂಬ ಡಚ್ ಸ್ತ್ರೀಯು ವಿಂಬಲ್ಡನ್ನಿನ ಕಟ್ಟಕಡೆಯ ಆಟವನ್ನು ಮುಟ್ಟಿ, ಮೊದಲ ಸೆಟ್ಟನ್ನು ಗೆದ್ದೂ ಇಂಗ್ಲೆಂಡಿನ ವರ್ಜಿನಿಯಾ ವೇಡಳಿಗೆ ಸೋತಳು. ಡಚ್ ಪುರುಷರಲ್ಲಿ ರಿಚರ್ಡ್ ಕ್ರಾಯಿಚೆಕ್ ವಿಂಬಲ್ಡನ್ನನ್ನು ಗೆದ್ದುದು 1996ರಲ್ಲಿ. ಕೇಯಾಳ ಜಯಕ್ಕೂ ಅದಕ್ಕೂ ನಡುವೆ ಅರುವತ್ತೊಂಬತ್ತು ವರ್ಷಗಳು. ಆಸ್ಟ್ರೇಲಿಯ, ಫ್ರಾನ್ಸ್, ಇಂಗ್ಲೆಂಡ್, ಅಮೆರಿಕ ಎಂಬ ನಾಲ್ಕು ದೇಶಗಳ ಮಹಾಪಂದ್ಯಗಳಲ್ಲಿ ಒಂದನ್ನಾದರೂ ಒಂಟಿಯಾಟದಲ್ಲಿ ಗೆದ್ದ ಡಚ್ ಸ್ತ್ರೀಯು ಇಂದಿನವರೆಗೂ ಈಕೆಯಲ್ಲದೆ ಮತ್ತೊಬ್ಬಳಿಲ್ಲ.

ವಿವಾಹಾನಂತರ ತೀಡೆಮನ್-ಬೌಮನ್ ಎಂಬ ಹೆಸರನ್ನು ಧರಿಸಿದ ಈಕೆ ದೀರ್ಘಾಯುಷ್ಯವನ್ನು ಪಡೆದು, ಕ್ರಾಯಿಚೆಕ್ಕನ ಜಯದ ವರ್ಷವನ್ನೂ ಕಂಡು, 1998ನೆಯ ನವೆಂಬರ್ 17ರಂದು ಕಾಲವಶಳಾದಳು. ತೊಂಬತ್ತೈದು ತುಂಬಲು ಆರೇ ದಿನಗಳು ಉಳಿದಿದ್ದವು. ಪಂದ್ಯದಿಂದ ಆಕೆಗೆ ಧನವು ಬರಲಿಲ್ಲ. ಆ ಕಾಲದ ಕಟ್ಟಳೆಯಂತೆ ಬರಬೇಕಾಗಿಯೂ ಇರಲಿಲ್ಲ. ಕಂದುಕಾವತಿಯ ಆಟದ ಫಲವು ಪತಿಲಾಭವಾಯಿತು. ಕೇಯಾ ಬೌಮನಳಿಗೆ ಆಟದ ಫಲವು ಆಟದಲ್ಲಿಯೇ ಇದ್ದಿತು. ಅದು ಸುಮಾರು ಒಂದು ಶತಮಾನವು ಕಳೆದರೂ ಆಕೆಯ ಹೆಸರಿನಲ್ಲಿಯೇ ಉಳಿದಿದೆ.