ಮೈಸೂರಿನಲ್ಲಿ ಜೈವಿಕ ಮಾನವಶಾಸ್ತ್ರದ ಪಿಎಚ್.ಡಿ. ಅಧ್ಯಯನ

ಮನುಷ್ಯನ ದೇಹರಚನೆ, ಆನುವಂಶಿಕತೆ, ಬೆಳವಣಿಗೆ, ರೋಗ ಮತ್ತು ವಿಕಾಸವನ್ನು ಅವನ ಬದುಕಿನ ಜೊತೆಗಿಟ್ಟು ಅರಿಯುವ ಶಾಸ್ತ್ರ ಜೈವಿಕ ಮಾನವಶಾಸ್ತ್ರ. ಕರ್ನಾಟಕದಲ್ಲಿ ಈ ವಿಷಯದ ಸಂಶೋಧನೆಗೆ ಮೈಸೂರಿನ ಪಶ್ಚಿಮ ಭಾಗ ಮುಖ್ಯ ನೆಲೆ. ಮೈಸೂರು ವಿಶ್ವವಿದ್ಯಾನಿಲಯದ ಮಾನವಶಾಸ್ತ್ರ ಅಧ್ಯಯನ ವಿಭಾಗ ಮಾನಸಗಂಗೋತ್ರಿಯಲ್ಲಿದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣದ ದಕ್ಷಿಣ ಪ್ರಾದೇಶಿಕ ಕೇಂದ್ರ ಬೋಗಾದಿಯಲ್ಲಿದೆ. ಹಿನಕಲ್, ಹೂಟಗಳ್ಳಿ, ಇಲವಾಲ ದಾಟಿ ಸಾಗುವ ಹುಣಸೂರು ರಸ್ತೆಯೇ ನಾಗರಹೊಳೆ ಅಂಚಿನ ಜೇನುಕುರುಬ ಬುಡಕಟ್ಟಿನ ಹಾಡಿಗಳ (ವಸತಿಗಳ) ಕಡೆಗೂ ಹೋಗುತ್ತದೆ. ಪ್ರಯೋಗಾಲಯಕ್ಕೂ ಕ್ಷೇತ್ರಕ್ಕೂ ಇಷ್ಟು ಹತ್ತಿರದ ನಂಟಿರುವುದು ಇಲ್ಲಿನ ವಿದ್ಯಾರ್ಥಿಯ ಭಾಗ್ಯ.

ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಸಂಸ್ಥಾನದ ಜಾತಿ-ಬುಡಕಟ್ಟುಗಳ ಸಮೀಕ್ಷೆ ನಡೆಸಿದ್ದರು. ಅವರ ನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಪೂರೈಸಿ 'ಮೈಸೂರು ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್' ಸಂಪುಟಗಳಾಗಿ ಹೊರತಂದರು. 1935ರ ಸಂಪುಟದಲ್ಲಿ ಜರ್ಮನಿಯ ಮಾನವಶಾಸ್ತ್ರಜ್ಞ ಐಕ್‌ಸ್ಟೆಟ್ ಮೈಸೂರಿನ ಜನರನ್ನು 'ಜನಾಂಗ'ಗಳ ಚೌಕಟ್ಟಿಗೆ ಹೊಂದಿಸಿ ಬರೆದ ಲೇಖನವೂ ಇದೆ. ಮೈಕಟ್ಟಿನ ಅಳತೆಯಿಂದ ಜನರನ್ನು ದರ್ಜೆಗಳಾಗಿ ವಿಂಗಡಿಸುವ ಆ ವಿಚಾರವನ್ನು ವಿಜ್ಞಾನ ಕೈಬಿಟ್ಟಿದೆ. ಆದರೂ ಸಂಶೋಧನೆಗೆ ಇಳಿಯುವವರು ಆ ಪುಟಗಳನ್ನು ಓದಲೇಬೇಕು. ಅಳತೆಗೋಲು ಯಾರ ಕೈಯಲ್ಲಿತ್ತು, ಯಾರನ್ನು ಅಳೆಯಿತು ಎಂಬುದು ಅಲ್ಲಿ ಕಾಣುತ್ತದೆ.

ಈಗ ತಲೆಬುರುಡೆಯ ಅಳತೆಗಿಂತ ಡಿಎನ್‌ಎ ಮುಖ್ಯ ಆಕರ. ಮಾನವಶಾಸ್ತ್ರ ಸರ್ವೇಕ್ಷಣದ ವಿಜ್ಞಾನಿಗಳು 26 ಬುಡಕಟ್ಟುಗಳ 966 ಜನರ ಮೈಟೊಕಾಂಡ್ರಿಯ ಡಿಎನ್‌ಎಯನ್ನು ಓದಿ, ಭಾರತಕ್ಕೂ ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೂ ಇರುವ ಪ್ರಾಚೀನ ತಾಯಿವಂಶದ ನಂಟನ್ನು 2009ರಲ್ಲಿ ಪ್ರಕಟಿಸಿದರು.

ಡಿಎನ್‌ಎಯ ಜೊತೆಗೆ ವಂಶಾವಳಿಯೂ ಬೇಕೆಂಬುದಕ್ಕೆ ಕರ್ನಾಟಕದ ಸಂಶೋಧಕರು ಮರೆಯಬಾರದ ಉದಾಹರಣೆ ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದಲ್ಲಿ ಅಲ್ಲಿನ ಚನ್ನಂಗಿ ಮತ್ತು ಛಲವಾದಿ ಕುಟುಂಬಗಳಲ್ಲಿ ಸೊಂಟ-ಕೀಲುಗಳನ್ನು ಕುಗ್ಗಿಸುವ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿ ತಿಂದದ್ದು ಕಾರಣವಿರಬೇಕೆಂಬ ಶಂಕೆ ಮೊದಲು ಎದ್ದಿತು. ಮನೆಮನೆಯ ವಂಶಾವಳಿ ಬರೆದು, ಎಲುಬಿನ ಎಕ್ಸ್‌ರೇ ನೋಡಿದ ಮೇಲೆ ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ ಆನುವಂಶಿಕ ರೋಗವೆಂದು ತಿಳಿಯಿತು. ಅಜ್ಜಿಯನ್ನು ಕೂರಿಸಿಕೊಂಡು ಮೂರು ನಾಲ್ಕು ತಲೆಮಾರಿನ ಹೆಸರು ಕೇಳುವ ತಾಳ್ಮೆ ಈ ಶಾಸ್ತ್ರದ ಅಸಲು ಉಪಕರಣ. ಸೋದರ ಸಂಬಂಧದ ಮದುವೆಗಳ ಅಧ್ಯಯನಕ್ಕೂ ಅದೇ ಬೇಕು: ಸಂಶೋಧಕರಾದ ಬಿಟಲ್ಸ್, ಎನ್. ಅಪ್ಪಾಜಿ ರಾವ್ ಮತ್ತು ಜೊತೆಗಾರರು 1980–89ರ ಸುಮಾರು 65,000 ಮದುವೆಗಳನ್ನು ನೋಡಿದಾಗ, ರಾಜ್ಯದಲ್ಲಿ ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೇ ನಡೆದಿತ್ತು.

ಪ್ರವೇಶಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ 55% ಅಂಕ ಬೇಕು. ಮೀಸಲು ವರ್ಗಗಳಿಗೆ ರಿಯಾಯಿತಿಯಿದೆ. ಯುಜಿಸಿಯ 2022ರ ನಿಯಮದಂತೆ ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಶಿಷ್ಯವೇತನ) ದೊರೆತವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ವಿಷಯದ ಹೆಸರನ್ನಷ್ಟೇ ನೋಡಿ ವಿಭಾಗ ಹುಡುಕಬೇಕಿಲ್ಲ. ಉದಾಹರಣೆಗೆ, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕೊರಗ ಬುಡಕಟ್ಟಿನ ಜೀನೋಮ್ ಅಧ್ಯಯನ ನಡೆದದ್ದು ಅನ್ವಯಿಕ ಪ್ರಾಣಿಶಾಸ್ತ್ರದ ಕಡೆಯಿಂದ.

ಕ್ಷೇತ್ರಕಾರ್ಯಕ್ಕೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಹಾಡಿಯ ಯಜಮಾನನ ಅನುಮತಿ ಸಿಕ್ಕಿದರೂ ರಕ್ತ ಕೊಡುವ ಪ್ರತಿಯೊಬ್ಬರ ಸಮ್ಮತಿಯನ್ನು ಅವರಿಗೆ ತಿಳಿಯುವ ಮಾತಿನಲ್ಲೇ ಪಡೆಯಬೇಕು. ಮಾದರಿ ಸಂಗ್ರಹಿಸಿ ಹೋದವರು ತಿರುಗಿ ಬರಲಿಲ್ಲ ಎನ್ನುವ ದೂರಿಗೆ ಎಡೆಯಿಲ್ಲದಂತೆ ಫಲಿತಾಂಶವನ್ನು ಹಾಡಿಗೆ ತಲುಪಿಸುವ ಏರ್ಪಾಡು ಸಂಶೋಧನಾ ಪ್ರಸ್ತಾವನೆಯಲ್ಲೇ ಇರಬೇಕು. ಕುಡಗೋಲು ಕಣ ರಕ್ತಹೀನತೆಯಲ್ಲಿ ಇದರ ತುರ್ತು ಎದ್ದು ಕಾಣುತ್ತದೆ: ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ 25%. ಅದನ್ನು ಮದುವೆಗೆ ಮೊದಲೇ ತಿಳಿಯುವ ಹಕ್ಕು ರಕ್ತ ಕೊಟ್ಟವರಿಗಿದೆ.