ಸ್ಯಾನ್ ಡೆಮೆಟ್ರಿಯೊ: ಒಂದು ತೈಲ ಹಡಗಿನ ಯುದ್ಧಕಾಲದ ಸೇವೆ (1938–1942)

ಬ್ರಿಟನ್ನಿನ ತೈಲ ಹಡಗು ‘ಸ್ಯಾನ್ ಡೆಮೆಟ್ರಿಯೊ’ದ ಹೆಸರು ಬಂದಾಗಲೆಲ್ಲ ನೆನಪಾಗುವುದು 1940ರ ನವೆಂಬರಿನ ಸಾಹಸ. ಹದಿನಾರು ತಿಂಗಳ ಬಳಿಕ ಅದು ಮುಳುಗಿದ ವಿಷಯ ಅಡಿಟಿಪ್ಪಣಿಗೆ ಸರಿದಿದೆ. ಎರಡೂ ಘಟನೆಗಳನ್ನು ಒಟ್ಟಿಗೆ ಪರಿಶೀಲಿಸಿದರೆ, ನಾವಿಕರ ಧೈರ್ಯ ಫಲ ಕೊಡಲು ಬೆಂಗಾವಲು ಎಷ್ಟು ಅಗತ್ಯವಾಗಿತ್ತು ಎಂಬುದು ಸ್ಪಷ್ಟವಾಗುತ್ತದೆ.

8,073 ಟನ್ನಿನ ಈ ಹಡಗು 1938ರಲ್ಲಿ ಗ್ಲಾಸ್ಗೋದ ಬ್ಲೈತ್ಸ್‌ವುಡ್ ಕಟ್ಟೆಯಲ್ಲಿ ಈಗಲ್ ಆಯಿಲ್ ಕಂಪನಿಗಾಗಿ ನಿರ್ಮಾಣವಾಯಿತು. 1940ರಲ್ಲಿ ಸುಮಾರು 11,200 ಟನ್ ವಿಮಾನ ಇಂಧನ ಹೊತ್ತು, ಕೆನಡಾದ ಹ್ಯಾಲಿಫ್ಯಾಕ್ಸಿನಿಂದ ಹೊರಟ ಎಚ್‌ಎಕ್ಸ್ 84 ಹಡಗುಸಾಲಿನಲ್ಲಿ ಬ್ರಿಟನ್ನಿನತ್ತ ಸಾಗಿತ್ತು. ನವೆಂಬರ್ 5ರ ಸಂಜೆ ಜರ್ಮನಿಯ ಯುದ್ಧನೌಕೆ ‘ಅಡ್ಮಿರಲ್ ಶೇರ್’ ಎರಗಿತು. ಕಾವಲಿಗಿದ್ದದ್ದು ಪ್ರಯಾಣಿಕರ ಹಡಗಿಗೆ ತೋಪು ಕೂರಿಸಿದ್ದ ‘ಜರ್ವಿಸ್ ಬೇ’ ಒಂದೇ. ಕ್ಯಾಪ್ಟನ್ ಫೆಗನ್ ಅದನ್ನು ನೇರವಾಗಿ ಶತ್ರುವಿನ ಎದುರು ನುಗ್ಗಿಸಿದರು. ಅದು ಮುಳುಗಿತು, ಅವರೂ ಮಡಿದರು. ಆದರೆ ಅಷ್ಟು ಹೊತ್ತಿನಲ್ಲಿ ಉಳಿದ ಬಹುಪಾಲು ಹಡಗುಗಳು ಕತ್ತಲಲ್ಲಿ ಚದುರಿ ಪಾರಾದವು.

ಸ್ಯಾನ್ ಡೆಮೆಟ್ರಿಯೊಗೆ ಗುಂಡು ತಗುಲಿ ಬೆಂಕಿ ಹೊತ್ತಿತು. ಕ್ಯಾಪ್ಟನ್ನರ ಆಜ್ಞೆಯಂತೆ ಎಲ್ಲರೂ ದೋಣಿಗಿಳಿದರು. ಎರಡನೇ ಅಧಿಕಾರಿ ಆರ್ಥರ್ ಹಾಕಿನ್ಸ್ ಮತ್ತು ಮುಖ್ಯ ಎಂಜಿನಿಯರ್ ಚಾರ್ಲ್ಸ್ ಪೊಲಾರ್ಡ್ ಇದ್ದ ದೋಣಿಯ ಹದಿನಾರು ಮಂದಿಗೆ, ಇನ್ನೂ ಉರಿಯುತ್ತಿದ್ದ ತಮ್ಮದೇ ಹಡಗು ಮತ್ತೆ ಎದುರಾಯಿತು. ನವೆಂಬರ್ 7ರಂದು ಹತ್ತಿ ಬೆಂಕಿ ಆರಿಸಿದರು, ಎಂಜಿನ್ ಚಾಲೂ ಮಾಡಿದರು. ನಕ್ಷೆಯಾಗಲಿ ರೇಡಿಯೊ ಆಗಲಿ ಇಲ್ಲದೆಯೇ 16ರಂದು ಕ್ಲೈಡ್ ತಲುಪಿದರು. ಸರಕಿನ ಬಹುಪಾಲು ಸುರಕ್ಷಿತವಾಗಿತ್ತು.

ಸಂಬಳದ ನಾವಿಕರು ತಮ್ಮ ಹಡಗನ್ನೇ ಕಾಪಾಡಿದ್ದಕ್ಕೆ ಸಾಮಾನ್ಯವಾಗಿ ಪಾರುಗಾಣಿಕೆಯ ಇನಾಮು ಕೇಳುವಂತಿಲ್ಲ. ಆದರೆ ಕ್ಯಾಪ್ಟನ್ನರ ಆಜ್ಞೆಯಿಂದಲೇ ಹಡಗು ತೊರೆದಾಗ ನೌಕರಿಯ ಕರಾರು ಮುಗಿದಿತ್ತು. ಮರಳಿ ಹತ್ತಿದ್ದು ಸ್ವಯಂಪ್ರೇರಣೆಯಿಂದ. ಈ ಆಧಾರದ ಮೇಲೆ ಲಂಡನ್ನಿನ ನೌಕಾ ನ್ಯಾಯಾಲಯ 14,700 ಪೌಂಡ್ ನೀಡಿತು. ಕಡಲ ಕಾನೂನಿನಲ್ಲಿ ಈ ತೀರ್ಪಿಗೆ ಇಂದಿಗೂ ಮಹತ್ವವಿದೆ.

ದುರಸ್ತಿಯಾದ ಹಡಗು ಮತ್ತೆ ಸೇವೆಗಿಳಿಯಿತು. 1942ರ ಮಾರ್ಚ್ 17ರಂದು ಅಮೆರಿಕದ ವರ್ಜೀನಿಯಾ ಕರಾವಳಿಯಾಚೆ, ಮದ್ಯಸಾರ ಮತ್ತು ಪೆಟ್ರೋಲು ತುಂಬಿಕೊಂಡು ಒಂಟಿಯಾಗಿ ಸಾಗುತ್ತಿದ್ದಾಗ, ಜರ್ಮನ್ ಜಲಾಂತರ್ಗಾಮಿ ಯು-404ರ ಟಾರ್ಪೆಡೊ ಅದನ್ನು ಮುಳುಗಿಸಿತು. ಹತ್ತೊಂಬತ್ತು ಮಂದಿ ಸತ್ತರು. ಅಮೆರಿಕ ಯುದ್ಧಕ್ಕಿಳಿದು ಮೂರು ತಿಂಗಳಾಗಿದ್ದರೂ ಅದರ ಪೂರ್ವ ಕರಾವಳಿಯಲ್ಲಿ ಬೆಂಗಾವಲಿನ ಹಡಗುಸಾಲುಗಳು ಇರಲಿಲ್ಲ. ತೀರದ ಪಟ್ಟಣಗಳ ದೀಪಗಳೂ ಉರಿಯುತ್ತಿದ್ದವು. ಮೇ ತಿಂಗಳಲ್ಲಿ ಹಡಗುಸಾಲು ಜಾರಿಯಾದ ಮೇಲೆ ಅಲ್ಲಿ ಹಾನಿ ತಗ್ಗಿತು.

ಈಲಿಂಗ್ ಸ್ಟುಡಿಯೊದ ‘ಸ್ಯಾನ್ ಡೆಮೆಟ್ರಿಯೊ ಲಂಡನ್’ ಚಿತ್ರ ತೆರೆಕಂಡದ್ದು 1943ರಲ್ಲಿ, ಹಡಗು ಮುಳುಗಿ ವರ್ಷ ಕಳೆದ ಮೇಲೆ. ಜನಮನದಲ್ಲಿ ಉಳಿದದ್ದು ಚಿತ್ರ ಹೇಳಿದ ಗೆಲುವು. ಆದರೆ ಆ ಗೆಲುವಿನ ಹಿಂದೆ ಜರ್ವಿಸ್ ಬೇ ಪ್ರಾಣ ತೆತ್ತು ಗಳಿಸಿಕೊಟ್ಟ ಸಮಯವಿತ್ತು. 1942ರಲ್ಲಿ ಅಂಥ ಅವಕಾಶವನ್ನು ಒದಗಿಸುವವರೇ ಇರಲಿಲ್ಲ. ವ್ಯಾಪಾರಿ ಹಡಗುಗಳ ಯುದ್ಧಚರಿತ್ರೆಯನ್ನು ಸಾಹಸಕಥೆಯಾಗಿಯಷ್ಟೇ ಬರೆದರೆ, ರಕ್ಷಣೆ ಕೊಡಬೇಕಾದವರ ಲೋಪ ಲೆಕ್ಕಕ್ಕೇ ಬರುವುದಿಲ್ಲ.